ಕಿವಿಯಲ್ಲಿ ಕೇಳೋ ಇತಿಹಾಸ: ಸಾಹಸದ ಆಡಿಯೋ ನಾಟಕದಿಂದ ಮಕ್ಕಳು ಕಲಿಯೋದೇನು, ಎಚ್ಚರ ಎಲ್ಲಿರಬೇಕು?

ಅಂಗಡಿಯಲ್ಲಿ ಕೂತವರ ಕಣ್ಣು ಗಿರಾಕಿ ಮೇಲಿರತ್ತೆ, ಕೈ ತಕ್ಕಡಿ ಮೇಲಿರತ್ತೆ. ಖಾಲಿ ಇರೋದು ಕಿವಿ ಒಂದೇ. ಅದಕ್ಕೇ ಎಷ್ಟೋ ಅಂಗಡಿಗಳಲ್ಲಿ ಇವತ್ತಿಗೂ ರೇಡಿಯೋ ನಿಂತಿಲ್ಲ. ಆದರೆ ಶಾಲೆ ಬಿಟ್ಟ ಮೇಲೆ ಗಲ್ಲಾಪೆಟ್ಟಿಗೆ ಪಕ್ಕ ಬಂದು ಕೂರೋ ಮಕ್ಕಳ ಕೈಗೆ ಹೋಗೋದು ಮೊಬೈಲ್. ಅರ್ಧ ಗಂಟೆ ರೀಲ್ಸ್ ನೋಡಿದ ಮಗುವನ್ನ "ಏನು ನೋಡಿದೆ?" ಅಂತ ಕೇಳಿದ್ರೆ ಅದಕ್ಕೇ ನೆನಪಿರಲ್ಲ.

ಅಮೆರಿಕ, ಇಂಗ್ಲೆಂಡ್ ಕಡೆ ಕೆಲವು ಮನೆಗಳಲ್ಲಿ ಇದಕ್ಕೆ ಬೇರೆ ದಾರಿ ಹಿಡಿದಿದ್ದಾರೆ. ಇತಿಹಾಸದ ಸಾಹಸ ಕಥೆಗಳನ್ನ ನಾಟಕ ಮಾಡಿ, ಬರೀ ಧ್ವನಿಯಲ್ಲಿ ರೆಕಾರ್ಡ್ ಮಾಡಿರೋದನ್ನ ಅಪ್ಪ, ಅಮ್ಮ, ಮಕ್ಕಳು ಒಟ್ಟಿಗೆ ಕೂತು ಕೇಳ್ತಾರೆ. ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳೋ ಕುಟುಂಬಗಳಿಗೆ ಇದು ಪಾಠವೂ ಹೌದು, ಮನರಂಜನೆಯೂ ಹೌದು. ಏನಿದು, ಹೇಗೆ ಶುರುವಾಯ್ತು, ನಮ್ಮ ಮನೆಗೆ ಎಷ್ಟು ಒಗ್ಗತ್ತೆ ಅನ್ನೋದರ ವಿವರ ಇಲ್ಲಿದೆ.

ಆಡಿಯೋ ಡ್ರಾಮಾ ಅಂದ್ರೆ?

ಪುಸ್ತಕವನ್ನ ಒಬ್ಬರು ಮೊದಲಿಂದ ಕೊನೆವರೆಗೆ ಓದಿದರೆ ಅದು ಆಡಿಯೋ ಬುಕ್. ಇಬ್ಬರು ಕೂತು ಒಂದು ವಿಷಯದ ಬಗ್ಗೆ ಮಾತಾಡಿದರೆ ಅದು ಪಾಡ್‌ಕಾಸ್ಟ್. ಆಡಿಯೋ ಡ್ರಾಮಾದಲ್ಲಿ ಒಂದೊಂದು ಪಾತ್ರಕ್ಕೆ ಒಬ್ಬೊಬ್ಬ ಕಲಾವಿದ ಇರ್ತಾರೆ. ಜೊತೆಗೆ ಸಂಗೀತ, ಮಳೆ, ಬಾಗಿಲು, ಕತ್ತಿ, ಜನಜಂಗುಳಿ ಎಲ್ಲದರ ಸದ್ದು ಇರತ್ತೆ. ಸುಲಭವಾಗಿ ಹೇಳಬೇಕು ಅಂದ್ರೆ, ನಮ್ಮ ಹಿರಿಯರು ಕೇಳ್ತಿದ್ದ ಆಕಾಶವಾಣಿ ನಾಟಕವೇ ಇದು. ಈಗ ಮೊಬೈಲಿಗೆ ಬಂದಿದೆ ಅಷ್ಟೇ.

ಇದರಲ್ಲಿ ಪರದೆ ಇಲ್ಲ. ಕೋಟೆ ಹೇಗಿತ್ತು, ರಾಣಿಯ ಮುಖ ಹೇಗಿತ್ತು ಅನ್ನೋದನ್ನ ಕೇಳುವ ಮಗುವೇ ಮನಸ್ಸಲ್ಲಿ ಕಟ್ಟಿಕೊಳ್ಳಬೇಕು. ಒಂದೇ ನಾಟಕ ಕೇಳಿದ ಅಕ್ಕ ತಮ್ಮನ ತಲೆಯಲ್ಲಿ ಎರಡು ಬೇರೆ ಬೇರೆ ಕೋಟೆ ಇರತ್ತೆ. ಊಟದ ಹೊತ್ತಿಗೆ ಅದರ ಬಗ್ಗೆ ಜಗಳ ಆದ್ರೆ ಅದೂ ಕಲಿಕೆಯೇ.

ನೂರು ವರ್ಷ ದಾಟಿದ ಕಲೆ

ಕೇಳೋದಕ್ಕೇ ಅಂತ ಬರೆದ ಮೊದಲ ನಾಟಕಗಳಲ್ಲಿ ಹೆಸರಾಗಿರೋದು ರಿಚರ್ಡ್ ಹ್ಯೂಸ್ ಬರೆದ 'ಡೇಂಜರ್'. ಬಿಬಿಸಿ ಇದನ್ನ 1924ರ ಜನವರಿ 15ರಂದು ಪ್ರಸಾರ ಮಾಡಿತು. ವೇಲ್ಸ್ ದೇಶದ ಕಲ್ಲಿದ್ದಲು ಗಣಿ ನೋಡೋಕೆ ಹೋದವರು ದೀಪ ಆರಿ ಕತ್ತಲಲ್ಲಿ ಸಿಕ್ಕಿಕೊಳ್ಳೋದು ಕಥೆ. ಪಾತ್ರಗಳಿಗೂ ಏನೂ ಕಾಣಲ್ಲ, ಕೇಳುವವರಿಗೂ ಏನೂ ಕಾಣಲ್ಲ. ರೇಡಿಯೋದ ಕೊರತೆಯನ್ನೇ ಕಥೆಯ ಬಲ ಮಾಡಿಕೊಂಡಿದ್ದರು.

ಇತಿಹಾಸವನ್ನ ರೇಡಿಯೋಗೆ ತಂದವರಲ್ಲಿ ಅಮೆರಿಕದ ಸಿಬಿಎಸ್ ಸಂಸ್ಥೆಯ ಒಂದು ಕಾರ್ಯಕ್ರಮವನ್ನ ಹೇಳಲೇಬೇಕು. 1947ರಲ್ಲಿ ಶುರುವಾದಾಗ ಅದರ ಹೆಸರು 'ಸಿಬಿಎಸ್ ಈಸ್ ದೇರ್'. ಮರುವರ್ಷ 'ಯು ಆರ್ ದೇರ್' ಅಂತಾಯ್ತು. ಅದರ ಉಪಾಯ ಸರಳ: ಹಳೇ ಘಟನೆ ಇವತ್ತು ನಡೀತಿದೆ, ನಮ್ಮ ವರದಿಗಾರರು ಸ್ಥಳದಲ್ಲಿದ್ದಾರೆ ಅನ್ನೋ ಹಾಗೆ ಹೇಳೋದು. ಜೂಲಿಯಸ್ ಸೀಸರ್ ಕೊಲೆ, ಸಾಕ್ರಟೀಸನ ಸಾವು, ಜ್ವಾಲಾಮುಖಿಗೆ ಪಾಂಪೆ ನಗರ ಮುಚ್ಚಿಹೋದ ದಿನ, ಲಿಂಕನ್ ಹತ್ಯೆ, ಎಲ್ಲವೂ ಅಲ್ಲಿ ಸುದ್ದಿಯಾದವು. ಮೈಕ್ ಹಿಡಿದವರು ಸಿಬಿಎಸ್‌ನ ನಿಜವಾದ ಸುದ್ದಿಗಾರರು. ಅರ್ಧ ಗಂಟೆಯಲ್ಲಿ ಆ ಕಡೆಯವರನ್ನೂ ಮಾತಾಡಿಸ್ತಿದ್ದರು, ಈ ಕಡೆಯವರನ್ನೂ ಮಾತಾಡಿಸ್ತಿದ್ದರು.

1953ರಲ್ಲಿ ಇದು ಟಿವಿಗೆ ಹೋಯಿತು, ಅಲ್ಲಿ ನಡೆಸಿಕೊಟ್ಟವರು ವಾಲ್ಟರ್ ಕ್ರಾಂಕೈಟ್. ಆಗ ಅಮೆರಿಕದಲ್ಲಿ ಕಮ್ಯುನಿಸ್ಟರು ಅನ್ನೋ ಅನುಮಾನದ ಮೇಲೆ ಎಷ್ಟೋ ಬರಹಗಾರರಿಗೆ ಕೆಲಸ ಕೊಡ್ತಿರಲಿಲ್ಲ. ಅಂಥ ಮೂವರು, ಅಬ್ರಹಾಂ ಪೊಲೊನ್ಸ್ಕಿ, ವಾಲ್ಟರ್ ಬರ್ನ್‌ಸ್ಟೀನ್ ಮತ್ತು ಆರ್ನಾಲ್ಡ್ ಮ್ಯಾನಾಫ್, ಬೇರೆಯವರ ಹೆಸರಿನಲ್ಲಿ ಇದಕ್ಕೆ ಬರೆದರು. ಸಾಕ್ರಟೀಸ್, ಗೆಲಿಲಿಯೋ ಕಥೆಗಳನ್ನ ಅವರು ಆರಿಸಿಕೊಂಡಿದ್ದು ಸುಮ್ಮನೆ ಅಲ್ಲ. ವಿಚಾರಕ್ಕಾಗಿ ಶಿಕ್ಷೆ ಅನುಭವಿಸಿದವರ ಕಥೆ ಹೇಳ್ತಾ ತಮ್ಮ ಕಾಲದ ಕಥೆಯನ್ನೇ ಹೇಳಿದರು. ಹಳೇ ಕಾಲದ ನಾಟಕದಲ್ಲೂ ಬರೆದವನ ಕಾಲ ಇಣುಕ್ತಾ ಇರತ್ತೆ ಅನ್ನೋದಕ್ಕೆ ಇದು ಒಳ್ಳೇ ಉದಾಹರಣೆ.

ಟಿವಿ ಬಂದ ಮೇಲೆ ಅಮೆರಿಕದಲ್ಲಿ ರೇಡಿಯೋ ನಾಟಕ ಸೊರಗಿತು, 1960ರ ದಶಕದ ಹೊತ್ತಿಗೆ ದೊಡ್ಡ ವಾಹಿನಿಗಳಲ್ಲಿ ಬಹುತೇಕ ನಿಂತೇ ಹೋಯಿತು. ಆಮೇಲೆ ಕ್ಯಾಸೆಟ್, ಸಿಡಿ, ಈಗ ಮೊಬೈಲ್ ಅದಕ್ಕೆ ಮತ್ತೆ ಜೀವ ಕೊಟ್ಟಿವೆ.

ತೆಂಗಿನ ಚಿಪ್ಪಿನಲ್ಲಿ ಓಡೋ ಕುದುರೆ

ಈ ಸದ್ದುಗಳನ್ನ ಮಾಡೋದು ಹೇಗೆ ಅಂತ ಮಕ್ಕಳು ಖಂಡಿತ ಕೇಳ್ತಾರೆ. ಉತ್ತರ ನಮ್ಮ ಕಿರಾಣಿ ಅಂಗಡಿಯಲ್ಲೇ ಇದೆ. ತೆಂಗಿನಕಾಯಿ ಚಿಪ್ಪಿನ ಎರಡು ಹೋಳನ್ನ ಹಲಗೆ ಮೇಲೆ ಬಡಿದರೆ ಕುದುರೆ ಓಡತ್ತೆ. ಬಿಸ್ಕೆಟ್ ಪ್ಯಾಕೆಟ್ಟಿನ ಚರಚರ ಅನ್ನೋ ಕವರನ್ನ ಮೈಕ್ ಹತ್ತಿರ ಮೆಲ್ಲಗೆ ಹಿಚುಕಿದರೆ ಬೆಂಕಿ ಉರಿಯತ್ತೆ. ತೆಳು ತಗಡನ್ನ ಅಲ್ಲಾಡಿಸಿದರೆ ಗುಡುಗು. ಕಾರ್ನ್‌ಫ್ಲೋರ್ ತುಂಬಿದ ಚೀಲವನ್ನ ಒತ್ತಿದರೆ ಹಿಮದ ಮೇಲೆ ನಡೆದ ಸದ್ದು. ಈಗ ಕಂಪ್ಯೂಟರಿನಲ್ಲಿ ರೆಡಿಮೇಡ್ ಸದ್ದುಗಳೂ ಸಿಗ್ತವೆ. ಆದರೂ ಕೈಯಲ್ಲಿ ಮಾಡಿದ ಸದ್ದನ್ನ ಈಗಲೂ ಸಿನಿಮಾದವರೇ ಬಳಸ್ತಾರೆ.

ಮನೆಪಾಠಕ್ಕೆ ಇದು ಯಾಕೆ?

ಅಮೆರಿಕದಲ್ಲಿ ಮಕ್ಕಳನ್ನ ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸೋದು 1993ರ ಹೊತ್ತಿಗೆ 50 ರಾಜ್ಯಗಳಲ್ಲೂ ಕಾನೂನುಬದ್ಧವಾಯ್ತು. ಇಂಥ ಮನೆಗಳಲ್ಲಿ ಬೇರೆ ಬೇರೆ ವಯಸ್ಸಿನ ಮೂರ್ನಾಲ್ಕು ಮಕ್ಕಳಿಗೆ ಒಬ್ಬಳೇ ಅಮ್ಮ ಪಾಠ ಹೇಳಬೇಕಾಗೋದುಂಟು. ಓದೋಕೆ ಬಾರದ 6 ವರ್ಷದ ಮಗುವೂ, 13 ವರ್ಷದ ಅಣ್ಣನೂ ಒಂದೇ ಹೊತ್ತಿಗೆ ಕೂತು ಕಲಿಯೋಕೆ ಆಗೋದು ಕೇಳಿಸಿಕೊಳ್ಳೋದರಲ್ಲೇ. ಕಾರಿನಲ್ಲಿ ದೂರ ಹೋಗುವಾಗಲೂ ಪಾಠ ಸಾಗತ್ತೆ.

ನಮ್ಮಲ್ಲಿ ಲೆಕ್ಕ ಬೇರೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಉಚಿತ ಮತ್ತು ಕಡ್ಡಾಯ. ಮನೆಪಾಠವನ್ನೇ ಶಾಲೆ ಅಂತ ಒಪ್ಪೋ ಸ್ಪಷ್ಟ ನಿಯಮ ಆ ಕಾಯ್ದೆಯಲ್ಲಿಲ್ಲ. ಮನೆಯಲ್ಲಿ ಓದಿದವರು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ 10ನೇ ತರಗತಿ ಪರೀಕ್ಷೆ ಕಟ್ಟಬಹುದು, ಅಷ್ಟೇ. ಹಾಗಾಗಿ ನಮ್ಮ ತಾಲ್ಲೂಕಿನ ಮನೆಗಳಿಗೆ ಇದು ಶಾಲೆಗೆ ಬದಲಿ ಆಗಲ್ಲ. ಶಾಲೆ ಬಿಟ್ಟ ಮೇಲಿನ ಅರ್ಧ ಗಂಟೆಗೆ ಚೆನ್ನಾಗಿ ಒಗ್ಗತ್ತೆ. ಪಠ್ಯಪುಸ್ತಕದಲ್ಲಿ ಇಸವಿ ಇರತ್ತೆ, ನಾಟಕದಲ್ಲಿ ಆ ಇಸವಿಯಲ್ಲಿ ಹೆದರಿದ, ಹಸಿದ, ಗೆದ್ದ ಮನುಷ್ಯರು ಇರ್ತಾರೆ. ಮನುಷ್ಯರ ಜೊತೆ ಇಸವಿಯೂ ನೆನಪಲ್ಲಿ ಉಳಿಯತ್ತೆ.

ಎಚ್ಚರ ಬೇಕಾಗಿರೋದು ಇಲ್ಲೇ

ಸಾಹಸ ಕಥೆ ಅಂದ ಮೇಲೆ ಒಬ್ಬ ಹೀರೋ ಬೇಕು. ಕೇಳುವ ಮಗು ಆ ಹೀರೋ ಜೊತೆ ಓಡತ್ತೆ, ಅವನ ಶತ್ರು ಮಗುವಿಗೂ ಶತ್ರು. ಹೀರೋ ಯಾವ ಕಡೆಯವನು ಅನ್ನೋದರ ಮೇಲೆ ಇತಿಹಾಸವೇ ತಿರುಗಿ ನಿಲ್ಲತ್ತೆ.

ಜಿ.ಎ. ಹೆಂಟಿ ಅನ್ನೋ ಇಂಗ್ಲಿಷ್ ಲೇಖಕನನ್ನೇ ತಗೊಳ್ಳಿ. 1832ರಲ್ಲಿ ಹುಟ್ಟಿ 1902ರಲ್ಲಿ ತೀರಿಕೊಂಡವನು. ಮೊದಲು ಪತ್ರಿಕೆಗೆ ಯುದ್ಧ ವರದಿ ಮಾಡ್ತಿದ್ದ, ಆಮೇಲೆ ಹುಡುಗರಿಗಾಗಿ ನೂರಕ್ಕೂ ಹೆಚ್ಚು ಪುಸ್ತಕ ಬರೆದ. ಹೆಚ್ಚಿನವುಗಳ ಅಚ್ಚು ಒಂದೇ: ಹದಿಹರೆಯದ ಧೈರ್ಯವಂತ ಹುಡುಗ ಯಾವುದಾದರೂ ದೊಡ್ಡ ಯುದ್ಧದ ನಡುವೆ ಸಿಕ್ಕಿ ಗೆದ್ದು ಬರ್ತಾನೆ. 2014ರಿಂದೀಚೆಗೆ ಅಮೆರಿಕದಲ್ಲಿ ಅವನ ಕೆಲವು ಕಥೆಗಳು ದೊಡ್ಡ ನಟರ ಧ್ವನಿಯಲ್ಲಿ, ಸಿನಿಮಾ ಮಟ್ಟದ ಸಂಗೀತದ ಜೊತೆ ಆಡಿಯೋ ನಾಟಕಗಳಾಗಿ ಬಂದಿವೆ. ಮನೆಪಾಠದ ಕುಟುಂಬಗಳಲ್ಲಿ ಅವಕ್ಕೆ ಕೇಳುಗರಿದ್ದಾರೆ. ಕೇಳೋಕೆ ರೋಚಕ, ಅದರಲ್ಲಿ ಎರಡು ಮಾತಿಲ್ಲ.

ಇದೇ ಹೆಂಟಿ 1890ರ ದಶಕದಲ್ಲಿ ನಮ್ಮ ನೆಲದ ಬಗ್ಗೆಯೂ ಒಂದು ಕಾದಂಬರಿ ಬರೆದಿದ್ದಾನೆ. ಹೆಸರು 'ದಿ ಟೈಗರ್ ಆಫ್ ಮೈಸೂರ್'. ಹಡಗಿನ ಕ್ಯಾಪ್ಟನ್ ಆಗಿದ್ದ ಅಪ್ಪ ಮೈಸೂರು ಸೀಮೆಯಲ್ಲಿ ಸೆರೆಯಾಗಿದ್ದಾನೆ ಅಂತ ಹುಡುಕಿಕೊಂಡು ಬರೋ ಡಿಕ್ ಅನ್ನೋ ಹುಡುಗ ಅದರ ಹೀರೋ. ಬ್ರಿಟಿಷರ ಸೈನ್ಯ ಅಲ್ಲಿ ನ್ಯಾಯದ ಕಡೆ, ಟಿಪ್ಪು ಕ್ರೂರಿ. ಇಂಗ್ಲೆಂಡಿನ ಹುಡುಗರ ಎಷ್ಟೋ ತಲೆಮಾರು ಮೈಸೂರನ್ನ ಹೆಂಟಿಯಂಥವರ ಕಣ್ಣಲ್ಲೇ ನೋಡಿದೆ.

ಈಗ ಅದೇ ಕಾಲದ ಒಂದು ನಿಜ ಘಟನೆ ನೋಡಿ. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, 3 ಕೋಟಿ 30 ಲಕ್ಷ ರೂಪಾಯಿ ಕೊಡೋಕೆ ಒಪ್ಪಿದ. ಹಣ ತೀರೋವರೆಗೆ ತನ್ನ ಇಬ್ಬರು ಪುಟ್ಟ ಗಂಡುಮಕ್ಕಳನ್ನ ಒತ್ತೆಯಾಗಿ ಕಳಿಸಬೇಕಾಯ್ತು. ಕಾರ್ನ್‌ವಾಲಿಸ್ ಆ ಮಕ್ಕಳನ್ನ ಪ್ರೀತಿಯಿಂದ ಬರಮಾಡಿಕೊಳ್ಳೋ ದೃಶ್ಯವನ್ನ ಬ್ರಿಟಿಷ್ ಚಿತ್ರಕಾರರು ಮತ್ತೆ ಮತ್ತೆ ಬರೆದರು. ಇದನ್ನ ಆಡಿಯೋ ನಾಟಕ ಮಾಡಿದ್ರೆ ಮೈಕ್ ಎಲ್ಲಿಡಬೇಕು? ಕಾರ್ನ್‌ವಾಲಿಸ್ ಡೇರೆಯಲ್ಲಿಟ್ಟರೆ ಅದು ದೊಡ್ಡ ಮನಸ್ಸಿನ ಕಥೆ. ಮಕ್ಕಳು ಹೊರಟ ಅರಮನೆಯ ಬಾಗಿಲಲ್ಲಿಟ್ಟರೆ ಬೇರೆಯೇ ಕಥೆ. ಇಸವಿ ಒಂದೇ, ಘಟನೆ ಒಂದೇ, ಮಗುವಿನ ಕಣ್ಣಲ್ಲಿ ನೀರು ಬರೋ ಜಾಗ ಮಾತ್ರ ಬೇರೆ. ಹಾಗಂತ ಟಿಪ್ಪುವನ್ನ ಬರೀ ಹೀರೋ ಮಾಡಿ ನಾಟಕ ಕಟ್ಟಿದರೂ ಕಷ್ಟವೇ. ಕೊಡಗಿನ ಮನೆಯೊಂದರಲ್ಲಿ ಮೈಕ್ ಇಟ್ಟರೆ ಮೂರನೇ ಕಥೆ ಕೇಳಿಸತ್ತೆ.

ಓದಿದ ಪುಟವನ್ನ ಮಗು ಹಿಂದಕ್ಕೆ ತಿರುಗಿಸಿ ನೋಡಬಹುದು. ಧ್ವನಿ ಹಾಗಲ್ಲ. ಅದು ಸೀದಾ ಒಳಗೆ ಇಳಿಯತ್ತೆ, ಪ್ರಶ್ನೆ ಕೇಳೋಕೆ ಪುರುಸೊತ್ತೇ ಕೊಡಲ್ಲ. ನಾಟಕ ಎಷ್ಟು ಚೆನ್ನಾಗಿದೆಯೋ ಅಷ್ಟು ಎಚ್ಚರ ಬೇಕು.

ತಾಳಮದ್ದಲೆಯಲ್ಲಿದೆ ಉಪಾಯ

ಕರಾವಳಿ, ಮಲೆನಾಡಿನವರಿಗೆ ತಾಳಮದ್ದಲೆ ಗೊತ್ತು. ಯಕ್ಷಗಾನದ್ದೇ ಪ್ರಸಂಗ, ಆದರೆ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳ್ತಾರೆ, ಅರ್ಥಧಾರಿಗಳು ಕೂತು ಮಾತಲ್ಲೇ ಪಾತ್ರ ಕಟ್ತಾರೆ. ವಾಲಿವಧೆ ಪ್ರಸಂಗ ಆದ್ರೆ, ಮರೆಯಲ್ಲಿ ನಿಂತು ಬಾಣ ಬಿಟ್ಟಿದ್ದು ಸರಿಯಾ ಅಂತ ವಾಲಿ ರಾಮನನ್ನೇ ಕೇಳ್ತಾನೆ. ರಾಮನೂ ಉತ್ತರ ಕೊಡಲೇಬೇಕು. ಸೋಲುವ ಪಾತ್ರಕ್ಕೂ ಪೂರ್ತಿ ಮಾತು ಸಿಗತ್ತೆ, ಒಳ್ಳೇ ಅರ್ಥಧಾರಿ ಸಿಕ್ಕರೆ ಸೋತವನೇ ಸಭೆ ಗೆಲ್ಲೋದೂ ಉಂಟು. ಇತಿಹಾಸದ ನಾಟಕ ಕೇಳುವಾಗ ಮಕ್ಕಳಿಗೆ ಕಲಿಸಬೇಕಾದ್ದು ಇದನ್ನೇ: ಎದುರಿನವನಿಗೂ ಮಾತು ಕೊಡು.

ಮನೆಯಲ್ಲಿ, ಅಂಗಡಿಯಲ್ಲಿ ಶುರು ಮಾಡೋದು ಹೇಗೆ?

* ಚಿಕ್ಕದಾಗಿ ಶುರು ಮಾಡಿ. ಒಂದು ಸಲಕ್ಕೆ 20ರಿಂದ 30 ನಿಮಿಷ ಸಾಕು. ಮೊಬೈಲ್ ಪರದೆ ಕೆಳಗೆ ಮಾಡಿಟ್ಟು ಸ್ಪೀಕರಿನಲ್ಲಿ ಹಾಕಿ. ಇಯರ್‌ಫೋನ್ ಬೇಡ, ಎಲ್ಲರೂ ಕೇಳಿದರೆ ತಾನೇ ಮಾತು ಹುಟ್ಟೋದು?

* ಕೈಗೆ ಕೆಲಸ ಕೊಡಿ. ಅವರೆಕಾಯಿ ಸುಲಿಯೋದು, ಪೊಟ್ಟಣ ಕಟ್ಟೋದು, ಚಿತ್ರ ಬರೆಯೋದು, ಏನಾದರೂ ಸರಿ. ಸಣ್ಣ ಮಕ್ಕಳು ಕೈ ಕಟ್ಟಿ ಕೂತು ಕೇಳಲ್ಲ.

* ನಕ್ಷೆ ಪಕ್ಕದಲ್ಲಿರಲಿ. ಊರಿನ ಹೆಸರು ಬಂದಾಗ ನಿಲ್ಲಿಸಿ ತೋರಿಸಿ.

* ಮುಗಿದ ಮೇಲೆ ಮೂರು ಪ್ರಶ್ನೆ. ಇದರಲ್ಲಿ ನಿಜವಾಗಿ ಬದುಕಿದ್ದವರು ಯಾರು, ಕಥೆಗಾರ ಹುಟ್ಟಿಸಿದವರು ಯಾರು? ಈ ಕಥೆಯನ್ನ ಶತ್ರುವಿನ ಮಗಳು ಹೇಳಿದ್ರೆ ಹೇಗಿರ್ತಿತ್ತು? ಇದನ್ನ ಬರೆದವನು ಯಾವ ದೇಶದವನು, ಯಾವ ಕಾಲದವನು?

* ಎಲ್ಲಿ ಸಿಗತ್ತೆ? ಇಂಗ್ಲಿಷ್ ಅರ್ಥ ಆಗೋ ಮಕ್ಕಳಿಗೆ 'ಯು ಆರ್ ದೇರ್' ಥರದ ಹಳೇ ರೇಡಿಯೋ ಕಾರ್ಯಕ್ರಮಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗ್ತವೆ. ಕನ್ನಡಕ್ಕೆ ಆಕಾಶವಾಣಿಯೇ ಇದೆ. 1935ರಲ್ಲಿ ಮೈಸೂರಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಶುರು ಮಾಡಿದ ಬಾನುಲಿಯ ಹೆಸರು ಅದು. ಈಗ ರೇಡಿಯೋ ಇಲ್ಲದವರೂ ನ್ಯೂಸ್ ಆನ್ ಏರ್ ಆಪ್‌ನಲ್ಲಿ ಆಕಾಶವಾಣಿ ಕೇಂದ್ರಗಳನ್ನ ಕೇಳಬಹುದು.

* ನೀವೇ ಒಂದು ಮಾಡಿ. ಇದಕ್ಕೆ ಬೇಕಾಗಿರೋದು ಮೊಬೈಲಿನ ರೆಕಾರ್ಡರ್ ಮತ್ತು ಎರಡು ತೆಂಗಿನ ಚಿಪ್ಪು. ಊರ ಹೊರಗೆ ವೀರಗಲ್ಲು ಇದ್ದರೆ ಮಕ್ಕಳನ್ನ ಕರ್ಕೊಂಡು ಹೋಗಿ ತೋರಿಸಿ. ಕೆಳಗಿನ ಪಟ್ಟಿಯಲ್ಲಿ ಕಾದಾಟ ಇರತ್ತೆ, ಮೇಲೆ ಸತ್ತ ವೀರ ಸ್ವರ್ಗಕ್ಕೆ ಹೋಗೋದು ಇರತ್ತೆ. ಎಷ್ಟೋ ವೀರಗಲ್ಲುಗಳು ದನ ಹೊಡ್ಕೊಂಡು ಹೋದ ಕಳ್ಳರ ಜೊತೆ ಹೋರಾಡಿ ಸತ್ತವರದ್ದು. ಅವನ ಮಾತು, ಅವನ ಹೆಂಡತಿಯ ಮಾತು, ದನ ಹೊಡೆಯೋಕೆ ಬಂದವನ ಮಾತು, ಮೂರನ್ನೂ ಮಕ್ಕಳೇ ಬರೆಯಲಿ. ಹತ್ತು ನಿಮಿಷದ ನಾಟಕ ಆಗತ್ತೆ.

ವೀರಗಲ್ಲಿನ ನಾಟಕದಲ್ಲಿ ಕಳ್ಳನ ಮಾತು ಬರೆಯೋಕೆ ಮಕ್ಕಳು ಪೆನ್ನು ಕಚ್ಚಿಕೊಂಡು ಕೂತರೆ ಅವಸರ ಮಾಡಬೇಡಿ. ಇತಿಹಾಸದ ಪಾಠ ನಿಜವಾಗಿ ಶುರುವಾಗೋದು ಆಗಲೇ.