ಕೂಸಿನ ಕಣ್ಣಿನಲ್ಲಿ ಬಿಳಿಯ ಹೊಳಪು

ದೀಪದ ಬೆಳಕಿನಲ್ಲಿ ಕೂಸಿನ ಕಣ್ಣಪಾಪೆ ಬೆಕ್ಕಿನ ಕಣ್ಣಿನಂತೆ ಬೆಳ್ಳಗೆ ಹೊಳೆದರೆ, ಇಲ್ಲವೆ ಮೆಳ್ಳಗಣ್ಣು ಕಂಡರೆ, ಗೋಕಾಕ, ಮೂಡಲಗಿ, ಹುಕ್ಕೇರಿಯ ಮನೆಗಳಲ್ಲಿ ಹಿರಿಯರು "ದೊಡ್ಡದಾದ ಮ್ಯಾಲ ಸರಿಹೋಗತೈತಿ" ಎಂದು ಸಮಾಧಾನ ಹೇಳುವುದುಂಟು. ಆ ಹೊಳಪು ಹುಟ್ಟುಪೊರೆಯದಾಗಿರಬಹುದು. ಆದರೆ ಐದು ವರ್ಷದೊಳಗಿನ ಮಕ್ಕಳಲ್ಲಿ ಅದು ರೆಟಿನೋಬ್ಲಾಸ್ಟೋಮಾ ಎಂಬ ಅಕ್ಷಿಪಟಲದ ಅರ್ಬುದದ ಮೊದಲ ಗುರುತೂ ಆಗಿರಬಹುದು. ಕಾಯುತ್ತ ಕೂಡುವುದು ಸಲ್ಲದು.

ಗಡ್ಡೆ ಚಿಕ್ಕದಿದ್ದಾಗ ಲೇಸರ್ ಕಿರಣ, ಶೈತ್ಯ ಚಿಕಿತ್ಸೆ ಹಾಗೂ ಔಷಧಿಗಳಿಂದ ಕಣ್ಣನ್ನೂ ದೃಷ್ಟಿಯನ್ನೂ ಉಳಿಸಲು ಸಾಧ್ಯವಿದೆ. ಕೆಲವು ಗಡ್ಡೆಗಳಿಗೆ ವಿಕಿರಣ ಸೂಸುವ ಪುಟ್ಟ ಬಿಲ್ಲೆಯನ್ನು ಕಣ್ಣುಗುಡ್ಡೆಯ ಹೊರಗೋಡೆಗೆ ಹೊಲಿದು, ನಿಗದಿತ ಅವಧಿಯ ನಂತರ ತೆಗೆಯುತ್ತಾರೆ. ರುಥೇನಿಯಂ-106 ಬಳಸುವ ಇಂಥ ಬಿಲ್ಲೆಯನ್ನು ನಮ್ಮ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರವೇ ಸಿದ್ಧಪಡಿಸಿದ್ದು, 2020ರಲ್ಲಿ ಅದು ಬಳಕೆಗೆ ಬಂದಿತು.

ಗಡ್ಡೆ ಕಣ್ಣನ್ನೆಲ್ಲ ತುಂಬಿದ್ದರೆ ಮಾತು ಬೇರೆ. ಹೊರಗಿನಿಂದ ಹಾಯಿಸುವ ವಿಕಿರಣವನ್ನು ಹಿಂದೆ ಧಾರಾಳವಾಗಿ ಬಳಸುತ್ತಿದ್ದರು. ಅದರಿಂದ ಮುಖದ ಎಲುಬಿನ ಬೆಳವಣಿಗೆ ಕುಂಠಿತವಾಗುವುದೆಂದೂ, ರೋಗವು ಆನುವಂಶಿಕವಾಗಿದ್ದರೆ ಮುಂದೆ ಇನ್ನೊಂದು ಅರ್ಬುದಕ್ಕೆ ದಾರಿಯಾಗಬಹುದೆಂದೂ ತಿಳಿದ ಮೇಲೆ ಅದರ ಬಳಕೆ ತಗ್ಗಿದೆ. ಆಗ ಉಳಿಯುವುದು ಕಣ್ಣುಗುಡ್ಡೆಯನ್ನೇ ತೆಗೆಯುವ ಶಸ್ತ್ರಚಿಕಿತ್ಸೆ. ತೆಗೆದ ಕಣ್ಣನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ರೋಗವು ದೃಷ್ಟಿನರವನ್ನು ಹೊಕ್ಕಿದ್ದರೆ ಔಷಧಿ ಕೊಡುತ್ತಾರೆ. ಕತ್ತರಿಸಿದ ನರದ ತುದಿಯವರೆಗೂ ಅದು ತಲುಪಿದ್ದರೆ ವಿಕಿರಣವನ್ನೂ ಸೇರಿಸುತ್ತಾರೆ.

"ಕಣ್ಣು ತೆಗೆಸಬೇಕು" ಎಂಬ ಮಾತು ಕೇಳಿ ಹೆತ್ತಕರುಳು ತಲ್ಲಣಿಸುವುದು ಸಹಜ. ಎಷ್ಟೋ ಕುಟುಂಬಗಳು ಕೂಸನ್ನು ಎತ್ತಿಕೊಂಡು ಮನೆಗೆ ಮರಳುತ್ತವೆ. ಆದರೆ ಗಡ್ಡೆ ತುಂಬಿದ ಆ ಕಣ್ಣು ದೃಷ್ಟಿಯನ್ನು ಆಗಲೇ ಕಳೆದುಕೊಂಡಿರುತ್ತದೆ. ರೋಗವಾದರೋ ನರದ ಹಾದಿ ಹಿಡಿದು ಮಿದುಳನ್ನು ಸೇರಬಲ್ಲುದು. ರೋಗ ಕಣ್ಣಿನೊಳಗಿರುವಾಗಲೇ ಚಿಕಿತ್ಸೆಯಾದರೆ ಬಹುಪಾಲು ಮಕ್ಕಳು ಬದುಕುತ್ತಾರೆ. ಗಾಯ ಮಾಗಿದ ಮೇಲೆ ಕೃತಕ ಕಣ್ಣನ್ನು ಅಳವಡಿಸಬಹುದು. ಇನ್ನೊಂದು ಕಣ್ಣು ಆರೋಗ್ಯವಾಗಿದ್ದರೆ ಮಗು ಶಾಲೆ ಕಲಿತು ಎಲ್ಲರಂತೆ ಬಾಳುತ್ತದೆ.

ಆದ್ದರಿಂದ ಪಾಲಕರು ತಡಮಾಡದೆ ಬೆಳಗಾವಿಯ ನೇತ್ರತಜ್ಞರಿಗೆ ತೋರಿಸಬೇಕು. ಅವರ ಸಲಹೆಯಂತೆ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ, ನಾರಾಯಣ ನೇತ್ರಾಲಯದಂಥ ಕಡೆಗೆ ಹೋಗಬಹುದು. ಬಡ ಕುಟುಂಬಗಳು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯ ನೆರವನ್ನು ಆಸ್ಪತ್ರೆಯಲ್ಲಿಯೇ ವಿಚಾರಿಸಲಿ. ಒಡಹುಟ್ಟಿದ ಮಕ್ಕಳ ಕಣ್ಣುಗಳನ್ನೂ ಪರೀಕ್ಷೆ ಮಾಡಿಸಲಿ.

ಇದು ತಾಯಿಯ ತಪ್ಪೂ ಅಲ್ಲ, ಗ್ರಹಣದ ದೋಷವೂ ಅಲ್ಲ. ಒಂದು ಕಣ್ಣನ್ನು ಬಿಟ್ಟುಕೊಟ್ಟು ಕೂಸನ್ನು ಉಳಿಸಿಕೊಳ್ಳುವ ಧೈರ್ಯವನ್ನು ಮನೆಯ ಹಿರಿಯರೇ ಹೆತ್ತವರಿಗೆ ತುಂಬಬೇಕು.