ಗರಸಿನ ಹಾದಿಯ ಸೈಕಲ್ ಸವಾರಿ

ಕಾಯಕ ನಡೆಯಬೇಕಾದರೆ ಕಾಯ ಸದೃಢವಾಗಿರಬೇಕು. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮ ಅಗತ್ಯವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಐದು ದಿನ ಅರ್ಧ ಗಂಟೆ ಸೈಕಲ್ ತುಳಿದರೆ ಅದು ಪೂರೈಸುತ್ತದೆ.

ಗಂಗಾವತಿ ತಾಲ್ಲೂಕಿನ ಆನೆಗೊಂದಿ, ಸಣಾಪುರಗಳ ಬಂಡೆಗುಡ್ಡಗಳ ನಡುವಣ ಗರಸಿನ ಹಾದಿಯಲ್ಲಿ ಟಾರು ರಸ್ತೆಗಿಂತ ಶ್ರಮವೂ ಹೆಚ್ಚು, ಅಪಾಯವೂ ಹೆಚ್ಚು. ಟೈರಿನ ಗಾಳಿಯನ್ನು ತುಸುವೇ ತಗ್ಗಿಸಿದರೆ ನೆಲದ ಹಿಡಿತ ಹೆಚ್ಚುತ್ತದೆ. ಕುಲುಕಾಟ ಕಡಿಮೆಯಾಗಿ ಅಂಗೈ ಜೋಮು ಹಿಡಿಯದು. ಪೆಡಲು ಕೆಳಗಿರುವಾಗ ಮೊಣಕಾಲು ಸ್ವಲ್ಪ ಬಾಗಿರುವಂತೆ ಸೀಟಿನ ಎತ್ತರವಿರಲಿ. ಇಲ್ಲವಾದರೆ ಮೊಣಕಾಲು ನೋಯುತ್ತದೆ.

ಇಳಿಜಾರಿನಲ್ಲಿ ಮುಂದಿನ ಬ್ರೇಕನ್ನು ಒಮ್ಮೆಲೇ ಬಿಗಿಹಿಡಿದರೆ ಗಾಲಿ ಜಾರಿ ಸವಾರ ಉರುಳಬಹುದು. ಇಳಿಯುವ ಮೊದಲೇ ವೇಗ ತಗ್ಗಿಸಿ, ಎರಡೂ ಬ್ರೇಕುಗಳನ್ನು ಮೃದುವಾಗಿ ಬಳಸಬೇಕು. ಹೆಲ್ಮೆಟ್ ತಪ್ಪದಿರಲಿ. ಬಿಸಿಲೇರುವ ಮುನ್ನ ಹಿಂತಿರುಗಿರಿ. ಎದೆನೋವು, ತಲೆಸುತ್ತು ಕಂಡರೆ ಕೂಡಲೇ ನಿಂತು ವೈದ್ಯರ ನೆರವು ಪಡೆಯಿರಿ. ಹೃದ್ರೋಗವುಳ್ಳ ಸದ್ಭಕ್ತರು ವೈದ್ಯರ ಅನುಮತಿ ಪಡೆದೇ ಆರಂಭಿಸಬೇಕು.