ಒಂಬತ್ತು ಬಾರ್ ಸಾಕು

ಮನೆಗೆ ಎಸ್‌ಪ್ರೆಸೊ ಯಂತ್ರ ತರಲು ಹೊರಟವರ ಕಣ್ಣಿಗೆ ಮೊದಲು ಬೀಳುವುದು ಡಬ್ಬಿಯ ಮೇಲಿನ ‘15 ಬಾರ್’. ಪಕ್ಕದ ಡಬ್ಬಿಯ ಮೇಲೆ ‘20 ಬಾರ್’. ಇದು ಬೀದಿ ಕೊನೆಯ ಬಾರ್ ಅಲ್ಲ, ಒತ್ತಡದ ಅಳತೆ. ಹೆಚ್ಚಿದ್ದಷ್ಟೂ ಒಳ್ಳೆಯದೆಂದು ನಾನೂ ಒಮ್ಮೆ ದೊಡ್ಡ ಅಂಕಿಯನ್ನೇ ಹೊತ್ತು ತಂದೆ. ಲೋಟಕ್ಕೆ ಇಳಿದದ್ದು ನೊರೆ ಹೊದ್ದ ಕಹಿನೀರು. ಎಸ್‌ಪ್ರೆಸೊಗೆ ಬೇಕಾದದ್ದು ಸುಮಾರು ಒಂಬತ್ತು ಬಾರ್ ಎಂದು ತಿಳಿದದ್ದು ಆಮೇಲೆ.

ಈ ಒಂಬತ್ತು ಬಂದದ್ದೆಲ್ಲಿಂದ? ಕಥೆ ಶುರುವಾಗುವುದು ಇಟಲಿಯ ಗಿರಾಕಿಗಳ ಅವಸರದಿಂದ. ಟ್ಯೂರಿನ್‌ನ ಏಂಜೆಲೊ ಮೊರಿಯೊಂಡೊ 1884ರಲ್ಲಿ ಹಬೆಯ ಬಲದಿಂದ ಕಾಫಿ ಇಳಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ಅದು ಒಟ್ಟಿಗೇ ರಾಶಿ ಕಾಫಿ ಮಾಡುವಂಥದ್ದು. ಒಬ್ಬೊಬ್ಬರಿಗೆ ಒಂದೊಂದು ಕಪ್ ಇಳಿಸುವ ಯಂತ್ರ ಮಿಲಾನ್‌ನ ಲುಯಿಜಿ ಬೆಜೆರಾನದು, 1901ರದು. ಅವನ ಪೇಟೆಂಟ್ ಕೊಂಡ ಡೆಸಿಡೆರಿಯೊ ಪವೋನಿ 1905ರಿಂದ ಅದನ್ನು ತಯಾರಿಸಿ ಮಾರಿದ. ಒತ್ತಡ ಒಂದೂವರೆ ಬಾರ್ ಆಸುಪಾಸು. ಹೆಚ್ಚಿಸೋಣವೆಂದರೆ ಬಾಯ್ಲರ್ ಇನ್ನಷ್ಟು ಕಾಯಬೇಕು, ಕಾದರೆ ಪುಡಿ ಸೀಯುತ್ತದೆ. ಕಾಫಿ ಬೇಗ ಸಿಗುತ್ತಿತ್ತು, ಸೀದ ವಾಸನೆಯೊಂದಿಗೆ.

ಗಂಟು ಬಿಚ್ಚಿದವನು ಮಿಲಾನ್‌ನಲ್ಲಿ ಕಾಫಿ ಬಾರ್ ನಡೆಸುತ್ತಿದ್ದ ಅಕಿಲೆ ಗಾಜಿಯಾ. ಹಬೆಯೇ ಬೇಡವೆಂದು 1938ರಲ್ಲಿ ಒಂದು ಪೇಟೆಂಟ್ ಮಾಡಿಸಿದ. ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ, ಸ್ಪ್ರಿಂಗ್ ಮತ್ತು ಲೀವರ್ ಬಂದವು. ಲೀವರ್ ಕೆಳಗೆಳೆದರೆ ಸ್ಪ್ರಿಂಗ್ ಮುದುಡಿ ಪುಡಿಯ ಮೇಲೆ ಬಿಸಿನೀರು ಬರುತ್ತದೆ. ಕೈ ಬಿಟ್ಟರೆ ಸ್ಪ್ರಿಂಗ್ ಬಿಚ್ಚಿಕೊಳ್ಳುತ್ತ ಪಿಸ್ಟನ್ ಆ ನೀರನ್ನು ಪುಡಿಯೊಳಗೆ ಒತ್ತುತ್ತದೆ. ಬಿಸಿ ಮಾಡುವ ಕೆಲಸ ಬೇರೆ, ಒತ್ತುವ ಕೆಲಸ ಬೇರೆ. ಅವನ ಜಾಣತನವೆಲ್ಲ ಇಷ್ಟೇ, ಆದರೆ ಅದಕ್ಕೆ ಅರ್ಧ ಶತಮಾನ ಕಾಯಬೇಕಾಯಿತು. ಹೀಗೆ ಸಿಕ್ಕ ಒಂಬತ್ತು ಬಾರ್ ಎಂದರೆ ಸುಮಾರು 90 ಮೀಟರ್ ಎತ್ತರದ ಟ್ಯಾಂಕಿನಿಂದ ನಲ್ಲಿಗೆ ಬರುವ ನೀರಿನ ರಭಸ. ಆ ರಭಸಕ್ಕೆ ಕಾಫಿಯ ಎಣ್ಣೆಯಂಶ, ಅನಿಲ ಎರಡೂ ಬೆರೆತು ಮೇಲೆ ಹೊಂಬಣ್ಣದ ಕೆನೆ ಕಟ್ಟಿತು. ಇಂದು ಎಲ್ಲರೂ ಕ್ರೆಮಾ ಎನ್ನುವುದು ಇದನ್ನೇ.

1961ರ ಫೆಬ್ರುವರಿ 15ರಂದು ಇಟಲಿಯಲ್ಲಿ ಪೂರ್ಣ ಸೂರ್ಯಗ್ರಹಣ. ಅದರ ನೆನಪಿಗೆ ಇ61 ಎಂದು ಹೆಸರಿಟ್ಟು ಫಾಯೆಮಾ ಕಂಪನಿ ತಂದ ಯಂತ್ರದಲ್ಲಿ ತೋಳಿನ ಕೆಲಸವನ್ನು ಮೋಟಾರ್ ಪಂಪ್ ವಹಿಸಿಕೊಂಡಿತು. ಅದೇ ವರ್ಷ ಪವೋನಿಯವರ ಪುಟ್ಟ ಯೂರೋಪಿಕೋಲಾ ಅಡುಗೆಮನೆಗೆ ಬಂತು. ಅದರಲ್ಲಿ ಸ್ಪ್ರಿಂಗೂ ಇಲ್ಲ, ಒತ್ತಬೇಕಾದದ್ದು ನಮ್ಮ ತೋಳೇ. 1973ರ ಬಾಂಡ್ ಚಿತ್ರದಲ್ಲಿ ರೋಜರ್ ಮೂರ್ ಕಾಫಿ ಮಾಡಿದ್ದು ಪವೋನಿಯ ಇಂಥ ಲೀವರ್ ಯಂತ್ರದಲ್ಲೇ.

ನಂತರ ಮನೆಯ ಯಂತ್ರಗಳಿಗೆ ಹೊಕ್ಕದ್ದು ಅಗ್ಗದ, ಗುರ್ರೆನ್ನುವ ಕಂಪನ ಪಂಪ್. ಡಬ್ಬಿಯ 15 ಬಾರ್ ಆ ಪಂಪಿನ ಗರಿಷ್ಠ ಶಕ್ತಿ, ಕಾಫಿಗೆ ತಗಲುವ ಒತ್ತಡವಲ್ಲ. ಒಳ್ಳೆಯ ಯಂತ್ರದಲ್ಲಿ ಹೆಚ್ಚಿನದನ್ನು ಹೊರಬಿಡುವ ವಾಲ್ವ್ ಇರುತ್ತದೆ. ಅಗ್ಗದ ಯಂತ್ರದ್ದು ಬೇರೆಯೇ ಉಪಾಯ: ಪುಡಿ ತುಂಬುವ ಬಟ್ಟಲಿಗೆ ಎರಡು ತಳ, ಹೊರತಳಕ್ಕೆ ಸೂಜಿಮೊನೆಯಷ್ಟು ಒಂದೇ ತೂತು. ಎಂಥ ಹಳಸಲು ಪುಡಿ ಹಾಕಿದರೂ ನೊರೆ ಗ್ಯಾರಂಟಿ. ನನಗೆ ಸಿಕ್ಕ ನೊರೆ ಅದೇ.

ಒಂದೇ ತಳದ ಬಟ್ಟಲಿನಲ್ಲಿ ನೀರನ್ನು ತಡೆಯಬೇಕಾದದ್ದು ಪುಡಿಯೇ. ಆದ್ದರಿಂದ ದುಡ್ಡು ಮೊದಲು ಗ್ರೈಂಡರ್‌ಗೆ ಹೋಗಲಿ. ದೋಸೆ ಹಿಟ್ಟಿನದಲ್ಲ, ಬೀಜವನ್ನು ಎರಡು ಹಲ್ಲುಚಕ್ರಗಳ ನಡುವೆ ಒಂದೇ ಹದಕ್ಕೆ ಅರೆಯುವಂಥದ್ದು. ಮಿಕ್ಸಿಯ ಪುಡಿ ಒಂದೆಡೆ ರವೆ, ಒಂದೆಡೆ ಹಿಟ್ಟು. ನೀರು ಸಂದು ಸಿಕ್ಕಲ್ಲಿ ನುಸುಳಿಬಿಡುತ್ತದೆ. 18 ಗ್ರಾಂ ಪುಡಿಯಿಂದ 36 ಗ್ರಾಂ ಕಾಫಿ 25–30 ಸೆಕೆಂಡಿನಲ್ಲಿ ಇಳಿದರೆ ಹದ ಸಿಕ್ಕಿತೆನ್ನಬಹುದು. ಚಿಕೋರಿ ಬೆರೆತ ಪುಡಿ ಫಿಲ್ಟರಿಗೇ ಇರಲಿ. ಬೀಜಕ್ಕೆ ಇಟಲಿಯತ್ತ ನೋಡಬೇಕಿಲ್ಲ: ಕ್ರೆಮಾ ದಪ್ಪಗೆ ಬರಲೆಂದು ಅಲ್ಲಿಯವರೇ ನಮ್ಮ ರೊಬಸ್ಟಾ ಕೊಂಡು ಬೆರೆಸುತ್ತಾರೆ, ಅದರಲ್ಲಿ ಬಹುಪಾಲು ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನದ ಕಡೆ.

ಇನ್ನು ಯಂತ್ರ. ಅಂಗಡಿಯಲ್ಲಿ ಬಾರ್ ಎಷ್ಟೆಂದು ವಿಚಾರಿಸಬೇಡಿ. ಒಂದೇ ತಳದ ಬಟ್ಟಲು ಜೊತೆಗೆ ಕೊಡುತ್ತೀರಾ ಎಂದು ಕೇಳಿ. ಇಲ್ಲವೆಂದರೆ ಬೇರೆ ಅಂಗಡಿ ನೋಡಿ.